ಗದರಿಕೆಯಾಗಿ ಉಳಿದ ಶಾಸನ



ಆಂಗ್ಲಭಾಷೆಯ ನಡುವೆ ಬಾಳುತ್ತಿರುವ ನಮಗೆ 'ರೀಡ್ ದ ರಯಟ್ ಆಕ್ಟ್' ಎಂಬ ನುಡಿಗಟ್ಟು ಹೊಸದೇನಲ್ಲ. ಕಟುವಾಗಿ ಗದರಿಸಿ ಎಚ್ಚರಿಸುವುದು ಎಂಬುದಿಷ್ಟೇ ಇಂದು ಅದರ ಅರ್ಥ. ನಮ್ಮ ಮಕ್ಕಳೂ ಅದನ್ನು ಸಲೀಸಾಗಿ ಬಳಸುತ್ತಾರೆ. ಅದರ ಹಿಂದೆ ಗಲ್ಲಿನ ನೆರಳಿತ್ತೆಂಬುದನ್ನು ಮಾತ್ರ ಬಲ್ಲವರು ವಿರಳ.

1714ರಲ್ಲಿ ಜರ್ಮನಿಯಿಂದ ಬಂದ ಒಂದನೆಯ ಜಾರ್ಜ್ ಬ್ರಿಟನ್ನಿನ ಸಿಂಹಾಸನವೇರಿದನು. ಪದಚ್ಯುತ ಸ್ಟೂವರ್ಟ್ ವಂಶದ ಬೆಂಬಲಿಗರು ಅವನನ್ನು ಒಪ್ಪಲಿಲ್ಲ, ಹಲವೆಡೆ ದೊಂಬಿಗಳಾದವು. ಅವನ್ನು ಅಡಗಿಸಲು ಪಾರ್ಲಿಮೆಂಟು ರೂಪಿಸಿದ ದೊಂಬಿ ಕಾಯಿದೆ 1715ರ ಆಗಸ್ಟ್ 1ರಂದು ಜಾರಿಗೆ ಬಂದಿತು. 12 ಅಥವಾ ಹೆಚ್ಚು ಮಂದಿ ಶಾಂತಿಭಂಗವಾಗುವಂತೆ ಕೂಡಿದರೆ, ಮ್ಯಾಜಿಸ್ಟ್ರೇಟನು ದೊರೆಯ ಹೆಸರಿನ ಘೋಷಣೆಯನ್ನು ಗಟ್ಟಿಯಾಗಿ ಓದಬೇಕು. ಒಂದು ಗಂಟೆಯೊಳಗೆ ಚದುರದವರಿಗೆ ಮರಣದಂಡನೆ. ಚದುರಿಸುವಾಗ ಯಾರಾದರೂ ಸತ್ತರೆ ಅಧಿಕಾರಿಗಳು ಹೊಣೆಯಲ್ಲ. ಹಾಗೆಯೇ, ಘೋಷಣೆಯ ಕೊನೆಯ 'ದೇವರು ದೊರೆಯನ್ನು ಕಾಪಾಡಲಿ' ಎಂಬ ಮಾತು ಬಿಟ್ಟುಹೋದರೆ ಓದಿದ್ದೇ ಅಸಿಂಧು! ಪ್ರಾಣ ತೆಗೆಯುವ ಶಾಸನವು ಮೊದಲು ಎಚ್ಚರಿಕೆ ಕೊಡಲೇಬೇಕೆಂಬ ನ್ಯಾಯ ಅದರಲ್ಲಿ ಅಡಗಿತ್ತು.

ಆ ನ್ಯಾಯ 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೋತಿತು. ಮತದಾನದ ಹಕ್ಕನ್ನು ಕೇಳಲು ಹತ್ತಾರು ಸಾವಿರ ಜನ ಹೆಂಗಸರು ಮಕ್ಕಳೊಡನೆ ನೆರೆದಿದ್ದರು. ಕಾಯಿದೆಯನ್ನು ಓದಿದೆವೆಂದು ಅಧಿಕಾರಿಗಳು ಸಾಧಿಸಿದರು. ಕೇಳಿಸಲೇ ಇಲ್ಲವೆಂದು ಜನ ಹೇಳಿದರು. ಕುದುರೆಸವಾರರ ದಾಳಿಗೆ ಹತ್ತಕ್ಕೂ ಹೆಚ್ಚು ಮಂದಿ ಬಲಿಯಾದರು, ನೂರಾರು ಮಂದಿ ಗಾಯಗೊಂಡರು.

ವೈದ್ಯರಾದ ನಮಗೆ ಈ ಘಟನೆ ಹತ್ತಿರದ್ದು. ಶಸ್ತ್ರಚಿಕಿತ್ಸೆಯ ಅಪಾಯಗಳನ್ನು ಸಮ್ಮತಿಪತ್ರದಿಂದ ಓದಿ ಸಹಿ ಪಡೆದ ಮಾತ್ರಕ್ಕೆ ನಮ್ಮ ಕರ್ತವ್ಯ ಮುಗಿಯದು. ರೋಗಿಗೆ ಅದು ಕೇಳಿಸಿ, ಅರ್ಥವಾಗಿ, ಯೋಚಿಸಲು ಸಮಯ ದೊರೆತಿರಬೇಕು.

1837ರಲ್ಲಿ ಈ ಕಾಯಿದೆಯ ಮರಣದಂಡನೆ ರದ್ದಾಗಿ ಗಡೀಪಾರು ಶಿಕ್ಷೆ ಬಂದಿತು. 1919ರ ಜನವರಿ 31ರಂದು ಗ್ಲಾಸ್ಗೋ ನಗರದಲ್ಲಿ ಅದನ್ನು ಓದುತ್ತಿದ್ದ ಅಧಿಕಾರಿಯ ಕೈಯಿಂದ ಕಾಗದವನ್ನೇ ಜನ ಕಿತ್ತುಕೊಂಡರು. 1973ರ ಹೊತ್ತಿಗೆ ಕಾಯಿದೆ ಪೂರ್ತಿಯಾಗಿ ಅಳಿಯಿತು. ದಂಡಿಸುವ ಮುನ್ನ ಕೊನೆಯ ಮಾತು ಹೇಳುವ ತಂದೆತಾಯಿ, ಗುರು, ಯಜಮಾನರ ಬಾಯಿಯಲ್ಲಿ ಆ ಮ್ಯಾಜಿಸ್ಟ್ರೇಟನ ಓದು ಮಾತ್ರ ನುಡಿಗಟ್ಟಾಗಿ ಉಳಿಯಿತು.

ಮಕ್ಕಳನ್ನು ನಾವು ಗದರಿಸುವುದು ಸಹಜ. ಆಗ ಆ ಒಂದು ಗಂಟೆಯ ಅವಕಾಶವನ್ನೂ ನೆನೆಯೋಣ. ನಮ್ಮ ಮಾತು ಅವರಿಗೆ ನಿಜವಾಗಿ ಕೇಳಿಸಿತೇ ಎಂದು ವಿಚಾರಿಸೋಣ.