ಒಣ ಬರಹ, ಒದ್ದೆ ಬರಹ

ಮುದ್ರಣ, ನಕಲು, ಸ್ಕ್ಯಾನ್ ಮೂರನ್ನೂ ಮಾಡುವ ಆಲ್-ಇನ್-ಒನ್ ಪ್ರಿಂಟರನ್ನು ಮನೆಗೋ ಶಾಲಾ ಕಚೇರಿಗೋ ಕೊಳ್ಳಹೊರಟವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ: ಲೇಸರೋ, ಇಂಕ್‌ಜೆಟ್ಟೋ? ಇವೆರಡರ ಹುಟ್ಟನ್ನು ತಿಳಿದರೆ ಉತ್ತರ ಸುಲಭ.

ಲೇಸರ್ ಪ್ರಿಂಟರಿನ ಬೇರು ಚೆಸ್ಟರ್ ಕಾರ್ಲ್‌ಸನ್ (1906-1968) ನಡೆಸಿದ ಪ್ರಯೋಗದಲ್ಲಿದೆ. ಭೌತಶಾಸ್ತ್ರ ಓದಿದ್ದ ಈತ ಅಮೆರಿಕದ ಕಂಪನಿಯೊಂದರ ಪೇಟೆಂಟ್ ವಿಭಾಗದಲ್ಲಿದ್ದ. ದಾಖಲೆಗಳ ಪ್ರತಿ ತೆಗೆಯುವುದೇ ಅಲ್ಲಿ ದೊಡ್ಡ ತೊಡಕು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಆತ ಮತ್ತು ಸಹಾಯಕ ಓಟ್ಟೋ ಕೋರ್ನೈ ಗಂಧಕ ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ವಿದ್ಯುದಾವೇಶ ನೀಡಿದರು. ಗಾಜಿನ ಮೇಲೆ ದಿನಾಂಕ ಮತ್ತು ಸ್ಥಳವನ್ನು ಮಸಿಯಲ್ಲಿ ಬರೆದು, ಅದನ್ನು ಫಲಕದ ಮೇಲಿಟ್ಟು ಬೆಳಕು ಹಾಯಿಸಿದರು. ಗಂಧಕ ದ್ಯುತಿವಾಹಕ. ಬೆಳಕು ಬಿದ್ದೆಡೆ ಆವೇಶ ಹರಿದುಹೋಯಿತು; ಅಕ್ಷರಗಳ ನೆರಳಿನಲ್ಲಿ ಉಳಿಯಿತು. ಮೇಲೆ ಉದುರಿಸಿದ ಲೈಕೊಪೋಡಿಯಂ ಪುಡಿ ಅಲ್ಲಿ ಮಾತ್ರ ಅಂಟಿಕೊಂಡಿತು. ಮೇಣದ ಕಾಗದವನ್ನು ಅದರ ಮೇಲೊತ್ತಿ ಕಾಯಿಸಿದಾಗ ಬರಹ ಕಾಗದದಲ್ಲಿ ನಿಂತಿತು.

ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಇದನ್ನು ತಿರಸ್ಕರಿಸಿದವು. 1944ರಲ್ಲಿ ಬ್ಯಾಟೆಲ್ ಸಂಸ್ಥೆ, ಆನಂತರ ಹ್ಯಾಲಾಯ್ಡ್ ಕಂಪನಿ ಮುಂದೆ ಬಂದವು. ಗ್ರೀಕ್ ಭಾಷೆಯ ‘ಒಣ’ ಮತ್ತು ‘ಬರಹ’ ಪದಗಳಿಂದ ‘ಝೆರಾಗ್ರಫಿ’ ಎಂಬ ಹೆಸರು ಬಂತು. 1959ರ ‘914’ ಯಂತ್ರದ ಯಶಸ್ಸಿನ ಬಳಿಕ ಕಂಪನಿಯೇ ಝೆರಾಕ್ಸ್ ಆಯಿತು. ನಮ್ಮ ಊರುಗಳಲ್ಲಿ ನಕಲಿಗೂ ಅದೇ ಹೆಸರು! ಅದೇ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲಿ ಲೇಸರ್ ಕಿರಣದಿಂದಲೇ ದ್ಯುತಿವಾಹಕದ ಮೇಲೆ ಬರೆಯಿಸಿ ಲೇಸರ್ ಪ್ರಿಂಟರನ್ನು ರೂಪಿಸಿದ.

ಇಂಕ್‌ಜೆಟ್ಟಿನ ದಾರಿ ಬೇರೆ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಇಚಿರೋ ಎಂಡೋ, ಬಿಸಿ ಬೆಸುಗೆ ಕಡ್ಡಿ ತಗುಲಿದ ಸಿರಿಂಜಿನ ಸೂಜಿಯಿಂದ ಶಾಯಿ ಚಿಮ್ಮುವುದನ್ನು ಗಮನಿಸಿದ. ಶಾಖದಿಂದ ಏಳುವ ಆವಿಯ ಗುಳ್ಳೆ ಹನಿಯನ್ನು ಹೊರದೂಡುತ್ತದೆ. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡು 1984ರಲ್ಲಿ ‘ಥಿಂಕ್‌ಜೆಟ್’ ಪ್ರಿಂಟರನ್ನು ತಂದಿತು. ಎಪ್ಸನ್ ಪ್ರಿಂಟರುಗಳಲ್ಲಿ ಶಾಖದ ಬದಲು ಪೀಜೋವಿದ್ಯುತ್ ಸ್ಫಟಿಕ ಹನಿಯನ್ನು ತಳ್ಳುತ್ತದೆ.

ಈಗ ಆಯ್ಕೆಗೆ ಬರೋಣ. ಸ್ಕ್ಯಾನರ್ ಭಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಶಾಯಿ ದ್ರವ, ವಾರಗಟ್ಟಲೆ ಬಳಸದಿದ್ದರೆ ಕೂದಲಿಗಿಂತ ಸಪೂರವಾದ ರಂಧ್ರಗಳಲ್ಲಿ ಒಣಗಿ ಕಟ್ಟಿಕೊಳ್ಳಬಹುದು. ಅದನ್ನು ಶುಚಿಗೊಳಿಸುವುದಕ್ಕೂ ಶಾಯಿಯೇ ವ್ಯಯ. ಇಂಕ್ ಟ್ಯಾಂಕ್ ಮಾದರಿಗಳಲ್ಲಿ ಪುಟದ ಖರ್ಚು ಕಡಿಮೆಯಾದರೂ ಈ ಗುಣ ತಪ್ಪದು. ಟೋನರ್ ಒಣ ಪುಡಿ. ಬೇಸಿಗೆ ರಜೆಯಿಡೀ ಸುಮ್ಮನಿದ್ದರೂ ಕೆಡದು. ಆದರೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ಉರುಳೆಗೆ ನೂರಾರು ವಾಟ್ ಬೇಕು. ಸಣ್ಣ ಯುಪಿಎಸ್ ತಾಳಲಾರದು. ಆದ್ದರಿಂದ ‘ಎಷ್ಟು ಮುದ್ರಿಸುತ್ತೇವೆ’ ಎಂಬುದರ ಜೊತೆಗೆ ‘ಎಷ್ಟು ದಿನಕ್ಕೊಮ್ಮೆ’ ಎಂದೂ ಕೇಳಿಕೊಳ್ಳಬೇಕು. ವಾರವಾರವೂ ಬಣ್ಣದ ಚಿತ್ರ ಬೇಕೆಂದರೆ ಶಾಯಿ. ಪರೀಕ್ಷೆ ಬಂದಾಗ ಮಾತ್ರ ಪ್ರಶ್ನೆಪತ್ರಿಕೆ ಎಂದರೆ ಕಪ್ಪು-ಬಿಳುಪು ಲೇಸರ್.

ತರಗತಿಯಲ್ಲಿ ಬಾಚಣಿಗೆಯಿಂದ ಕಾಗದದ ಚೂರುಗಳನ್ನು ಸೆಳೆದು ತೋರಿಸುವ ಅಧ್ಯಾಪಕರು ಲೇಸರ್ ಪ್ರಿಂಟರನ್ನೂ ಅದೇ ಪಾಠದ ಉದಾಹರಣೆಯಾಗಿ ಬಳಸಬಹುದು.