ನೆಲಕ್ಕೆ ಇಳಿಸಿದ ತಂತಿ



ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಒಂದು ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ನಾವೆಲ್ಲರೂ ನೋಡಿದ್ದೇವೆ. ಆಡುಮಾತಿನಲ್ಲಿ ‘ಅರ್ತ್’ ಎನಿಸಿಕೊಳ್ಳುವ ಈ ಕಡ್ಡಿಯಿಂದ ದೀಪ ಬೆಳಗುವುದಿಲ್ಲ, ರೇಡಿಯೋ ನುಡಿಯುವುದಿಲ್ಲ. ಆದಕಾರಣ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ಬಗೆಯುವವರು ವಿದ್ಯಾವಂತರಲ್ಲಿಯೂ ಉಂಟು. ಇದರ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸಿದರೆ, ಈ ತಂತಿಯು ಎರಡು ಬೇರೆ ಬೇರೆ ಪ್ರಯೋಜನಗಳಿಗಾಗಿ ಬಳಕೆಗೆ ಬಂದಿತೆಂಬುದೂ, ಒಂದರ ಸಲುವಾಗಿ ಇನ್ನೊಂದನ್ನು ಮರೆತಾಗ ಪ್ರಾಣಕ್ಕೇ ಅಪಾಯ ಒದಗಿತೆಂಬುದೂ ತಿಳಿಯುತ್ತದೆ.

ಮೊದಲನೆಯ ಪ್ರಯೋಜನ ರಕ್ಷಣೆ. ಹದಿನೆಂಟನೆಯ ಶತಮಾನದ ನಡುವೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು, ಮನೆಯ ಮೇಲೆ ನಿಲ್ಲಿಸಿದ ಲೋಹದ ಸಲಾಕೆಯನ್ನು ಭೂಮಿಯವರೆಗೆ ಇಳಿಸಿದರೆ ಸಿಡಿಲು ಆ ಮಾರ್ಗವಾಗಿ ನೆಲವನ್ನು ಸೇರುವುದೆಂದು ಬೋಧಿಸಿದನು. 1753ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಗೇಯಾರ್ಗ್ ರಿಚ್‌ಮನ್ ಎಂಬ ವಿದ್ವಾಂಸನು ಅಂತಹುದೇ ಸಲಾಕೆಯೊಂದನ್ನು ಸೂರಿನಿಂದ ಮನೆಯೊಳಕ್ಕೆ ತಂದಿದ್ದನು. ಆದರೆ ಅದನ್ನು ನೆಲಕ್ಕೆ ಸೇರಿಸಿರಲಿಲ್ಲ. ಸೇರಿಸಿದರೆ ವಿದ್ಯುತ್ತು ಹರಿದುಹೋಗಿ, ಅವನ ಯಂತ್ರಕ್ಕೆ ಅಳೆಯಲು ಏನೂ ಉಳಿಯುತ್ತಿರಲಿಲ್ಲ. ಗುಡುಗು ಮೊರೆಯುತ್ತಿದ್ದ ಒಂದು ದಿನ ಅವನು ಯಂತ್ರದ ಬಳಿ ಹೋದಾಗ, ನೆಲಕ್ಕೆ ದಾರಿಯಿಲ್ಲದ ಆ ಶಕ್ತಿಗೆ ಅವನ ದೇಹವೇ ದಾರಿಯಾಯಿತು. ಅವನು ಅಲ್ಲಿಯೇ ಮೃತನಾದನು.

ಎರಡನೆಯ ಪ್ರಯೋಜನ ವಾರ್ತೆಯ ಸಾಗಣೆ. 1838ರಲ್ಲಿ ಜರ್ಮನಿಯ ಪ್ರೊಫೆಸರ್ ಸ್ಟೈನ್‌ಹೈಲನು ರೈಲುಹಳಿಗಳನ್ನೇ ಟೆಲಿಗ್ರಾಫಿನ ತಂತಿಗಳನ್ನಾಗಿ ಬಳಸಲು ಯತ್ನಿಸಿದನು. ಪ್ರವಾಹವು ಹಳಿಗಳಿಂದ ಮಣ್ಣಿಗೆ ಸೋರಿಹೋಯಿತು. ಹಾಗಾದರೆ ಭೂಮಿಯೇ ಹಿಂದಿರುಗುವ ತಂತಿಯಾಗಬಾರದೇಕೆ ಎಂದು ಅವನಿಗೆ ಹೊಳೆಯಿತು. ಅಂದಿನಿಂದ ಎರಡು ತಂತಿಗಳಿಗೆ ಬದಲು ಒಂದೇ ತಂತಿ ಸಾಕಾಯಿತು. 1895ರಲ್ಲಿ ಇಟಲಿಯ ಮಾರ್ಕೋನಿಯು ತನ್ನ ಯಂತ್ರದ ಒಂದು ತುದಿಯನ್ನು ಆಕಾಶಕ್ಕೆ ಎತ್ತಿ, ಇನ್ನೊಂದನ್ನು ಭೂಮಿಗೆ ಸೇರಿಸಿದನು. ಅಲೆಗಳು ದೂರದವರೆಗೆ ಮುಟ್ಟಿದುವು. ಹೀಗೆ ಏರಿಯಲ್, ಅರ್ತ್ ಎಂಬ ಜೋಡಿಯು ರೇಡಿಯೋದ ಬೆನ್ನಿಗೆ ಬಂದಿತು.

ಅಂದಿನ ಮೈಸೂರು ಸಂಸ್ಥಾನಕ್ಕೆ ಇವೆರಡೂ ಬೇಗನೆ ಪರಿಚಿತವಾದುವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ತಲಪಿತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವಾಟಿನ ಪ್ರೇಷಕವನ್ನಿಟ್ಟುಕೊಂಡು ಆಕಾಶವಾಣಿಯನ್ನು ಪ್ರಾರಂಭಿಸಿದರು. ಕ್ಷೀಣವಾದ ಧ್ವನಿಯನ್ನು ಹಿಡಿಯುವುದಕ್ಕೆ ಎತ್ತರದ ಏರಿಯಲ್ಲೂ ಒಳ್ಳೆಯ ಭೂಸಂಪರ್ಕವೂ ಬೇಕಾಗಿದ್ದ ಕಾಲವದು.

ಈ ಕಾಲದಲ್ಲಿಯೇ ಎರಡು ಪ್ರಯೋಜನಗಳು ಒಂದರೊಳಗೊಂದು ಬೆರೆತುಹೋದುವು. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದನ್ನು ಸರಬರಾಜಿನ ಕಡೆಯಲ್ಲಿಯೇ ಭೂಮಿಗೆ ಸೇರಿಸಿರುತ್ತಾರೆ. ಆದುದರಿಂದ ನೆಲದ ಮೇಲೆ ನಿಂತವನು ಮತ್ತೊಂದು ತಂತಿಯನ್ನು ಮಾತ್ರ ಮುಟ್ಟಿದರೂ ಪೂರ್ಣಾಘಾತಕ್ಕೆ ಗುರಿಯಾಗುತ್ತಾನೆ. 1930ರ ದಶಕದಲ್ಲಿ ಎ.ಸಿ., ಡಿ.ಸಿ. ಎರಡರಲ್ಲಿಯೂ ನಡೆಯುವ ಅಗ್ಗದ ರೇಡಿಯೋಗಳು ಪ್ರಚಾರಕ್ಕೆ ಬಂದುವು. ಅವುಗಳಲ್ಲಿ ಸರಬರಾಜನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರು ಇರಲಿಲ್ಲ. ಅನೇಕವುಗಳಲ್ಲಿ ಒಳಗಿನ ಲೋಹದ ಚೌಕಟ್ಟೇ ಸರಬರಾಜಿನ ಒಂದು ತಂತಿಗೆ ಸೇರಿರುತ್ತಿದ್ದಿತು. ಪ್ಲಗ್ಗನ್ನು ತಿರುವುಮುರುವಾಗಿ ಹಾಕಿದರೆ ಚೌಕಟ್ಟಿನಲ್ಲೆಲ್ಲಾ ಪೂರ್ಣ ವೋಲ್ಟೇಜು. ಮರದ ಪೆಟ್ಟಿಗೆ, ಹಿಂಬದಿಯ ರಟ್ಟು, ಗುಂಡಿಯ ತಿರುಪನ್ನು ಮುಚ್ಚಿದ ಮೇಣ, ಇವೇ ರಕ್ಷೆಗಳು. ಇಂತಹ ಯಂತ್ರದ ಬೆನ್ನಿನ ‘ಅರ್ತ್’ ರಂಧ್ರವು ಧ್ವನಿಗಾಗಿ ಇದ್ದಿತೇ ಹೊರತು ಪ್ರಾಣಕ್ಕಾಗಿ ಅಲ್ಲ. ಹೆಸರು ಒಂದೇ ಆದುದರಿಂದ ಜನರು ಭೇದವನ್ನು ಅರಿಯದೆ ಹೋದರು.

ಕಾಲಾಂತರದಲ್ಲಿ ಲೋಹದ ಹೊದಿಕೆಯ ಆಂಪ್ಲಿಫೈಯರುಗಳು ಮನೆಗಳನ್ನು ಹೊಕ್ಕುವು. ಅವುಗಳ ಮೂರನೆಯ ಕಡ್ಡಿ ಕೇವಲ ಪ್ರಾಣರಕ್ಷೆ. ಒಳಗೆ ತಂತಿಯೊಂದು ಕಳಚಿ ಹೊದಿಕೆಗೆ ತಗುಲಿದರೆ ಪ್ರವಾಹವು ಈ ಸುಲಭಮಾರ್ಗದಲ್ಲಿ ಪ್ರಬಲವಾಗಿ ಹರಿದು ಫ್ಯೂಸು ಕರಗಬೇಕು. ಕಡ್ಡಿಯು ಉದ್ದವಾಗಿರುವುದು ಅದು ಎಲ್ಲಕ್ಕೂ ಮೊದಲು ಸೇರಿ, ಎಲ್ಲಕ್ಕೂ ಕೊನೆಗೆ ಬಿಡಲೆಂದು. ಈ ಮಾರ್ಗ ಇಲ್ಲದಿದ್ದಾಗ ಏನಾಗುವುದೆಂಬುದಕ್ಕೆ ಸಂಗೀತಗಾರರೇ ಸಾಕ್ಷಿ. 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವೆಯು ಭೂಸಂಪರ್ಕವಿಲ್ಲದ ಮೈಕ್ರೋಫೋನನ್ನು ಮುಟ್ಟಿ ವೇದಿಕೆಯಲ್ಲಿಯೇ ಮಡಿದನು. 1976ರಲ್ಲಿ ಗಾಯಕ ಕೀತ್ ರೆಲ್ಫನು ತನ್ನ ಮನೆಯಲ್ಲಿಯೇ, ಭೂಸಂಪರ್ಕವು ಸರಿಯಿಲ್ಲದ ಗಿಟಾರನ್ನು ನುಡಿಸುತ್ತಾ ಅಸುನೀಗಿದನು.

ಇಷ್ಟಾದರೂ ರಸಿಕರು ಈ ಕಡ್ಡಿಯನ್ನು ತೆಗೆದುಹಾಕುವುದೇಕೆ? ಎರಡು ಯಂತ್ರಗಳು ಎರಡು ಬೇರೆ ಸ್ಥಾನಗಳಲ್ಲಿ ಭೂಮಿಯನ್ನು ಸೇರಿ, ಧ್ವನಿಯ ತಂತಿಯಿಂದಲೂ ಪರಸ್ಪರ ಕೂಡಿದ್ದರೆ ಒಂದು ಬಳೆಯಂತಹ ಮಂಡಲವಾಗುತ್ತದೆ. ಅದರಲ್ಲಿ ಅಲ್ಪಪ್ರವಾಹ ಸುತ್ತಿ, ಸೆಕೆಂಡಿಗೆ 50 ಆವರ್ತದ ಗುಂಯ್‌ಗುಟ್ಟುವ ಸದ್ದು ಹಾಡಿನ ಹಿಂದೆ ಕೇಳಿಸುತ್ತದೆ. ಅರ್ತನ್ನು ಕಿತ್ತರೆ ಸದ್ದು ಅಡಗುತ್ತದೆ. ಆದರೆ ಯಂತ್ರದ ಅನುಕೂಲಕ್ಕಾಗಿ ನೆಲದ ದಾರಿಯನ್ನು ಮುಚ್ಚುವ ಈ ಕ್ರಮವು ರಿಚ್‌ಮನ್ನನದೇ ಅಲ್ಲವೆ? ಸದ್ದಿಗೆ ಬೇರೆ ಮದ್ದುಂಟು: ಯಂತ್ರಗಳನ್ನೆಲ್ಲಾ ಒಂದೇ ಸಾಕೆಟ್ಟಿನ ಹಲಗೆಗೆ ಸೇರಿಸಬಹುದು, ಸಾಲದಿದ್ದರೆ ಧ್ವನಿಯ ತಂತಿಯ ನಡುವೆ ಬೇರ್ಪಡಿಸುವ ಚಿಕ್ಕ ಟ್ರಾನ್ಸ್‌ಫಾರ್ಮರನ್ನು ಇಡಬಹುದು.

ಪ್ರಾಣಕ್ಕೆ ಎರವಾಗುವ ಪ್ರವಾಹ ಎಷ್ಟು ಅಲ್ಪವೆಂಬುದನ್ನು ಅಮೆರಿಕದ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜೀಲರು ಪ್ರಯೋಗಗಳಿಂದ ತೋರಿಸಿದರು. ಸುಮಾರು 16 ಮಿಲಿಆಂಪಿಯರನ್ನು ಮೀರಿದರೆ ಸಾಧಾರಣ ಪುರುಷನು ಹಿಡಿದುದನ್ನು ತಾನಾಗಿ ಬಿಡಲಾರನು. ಇದು 60 ವಾಟಿನ ದೀಪವು ಎಳೆಯುವ ಪ್ರವಾಹದ ಹದಿನಾರನೆಯ ಒಂದು ಪಾಲು! ಫ್ಯೂಸಿಗೆ ಇದರ ಸುಳಿವೇ ಹತ್ತದು. ಆದುದರಿಂದ ಅವರು 1961ರಲ್ಲಿ, ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ಕಿಂಚಿತ್ ವ್ಯತ್ಯಾಸವಾದೊಡನೆ ಸರಬರಾಜನ್ನು ಕಡಿಯುವ ಸಾಧನವೊಂದನ್ನು ರಚಿಸಿದರು. ನಮ್ಮ ಮನೆಗಳಿಗೆ ಈ ಜಾತಿಯ 30 ಮಿಲಿಆಂಪಿಯರಿನ ಸಾಧನ ಸಲ್ಲುತ್ತದೆ. ಅದು ಭೂಸಂಪರ್ಕದ ಸಹಚರನೇ ಹೊರತು ಪ್ರತಿನಿಧಿಯಲ್ಲ.

ನಮ್ಮ ನಾಡಿನಲ್ಲಿ ಇದ್ದಲು ಉಪ್ಪುಗಳ ಗುಂಡಿಯಲ್ಲಿ ಕೊಳವೆ ಹೂಳುವ ಪದ್ಧತಿ ಚೆನ್ನಾಗಿ ಬೇರೂರಿದೆ. ಆದರೆ ಹೂಳಿದ ಮೇಲೆ ಅದನ್ನು ನೆನೆಯುವವರು ವಿರಳ. ಮಣ್ಣು ಒಣಗಿದೆಯೇ, ತಂತಿ ತುಕ್ಕು ಹಿಡಿದಿದೆಯೇ ಎಂದು ಬಲ್ಲವರಿಂದ ಆಗಾಗ ಪರೀಕ್ಷೆ ಮಾಡಿಸಬೇಕು. ನಲ್ಲಿಯ ಕೊಳವೆಗೆ ಅರ್ತ್ ಸುತ್ತುವ ಹಳೆಯ ರೂಢಿಯನ್ನು, ಪ್ಲಾಸ್ಟಿಕ್ ಕೊಳವೆಗಳು ಬಂದ ಮೇಲೆ, ನಂಬಲೇಬಾರದು. ಚೌಕದೊಳಗೆ ಚೌಕದ ಗುರುತುಳ್ಳ ಎರಡು ಕಡ್ಡಿಯ ಯಂತ್ರಗಳಿಗೆ ಇಮ್ಮಡಿ ಹೊದಿಕೆಯೇ ರಕ್ಷೆ. ಅವಕ್ಕೆ ಈ ಕಡ್ಡಿ ಬೇಕಾಗಿಲ್ಲ. ಉಳಿದವುಗಳಲ್ಲಿ ಇರುವ ಕಡ್ಡಿಯನ್ನು ಕೀಳದಿರೋಣ. ಹಾಡಿನ ಹಿಂದೆ ಗುಂಯ್‌ಗುಟ್ಟುವ ಸದ್ದು ಕಿವಿಗೆ ತಾನಾಗಿ ತಿಳಿಯುತ್ತದೆ. ಹೊದಿಕೆಯಲ್ಲಿ ಹೊಂಚಿರುವ ವಿದ್ಯುತ್ತು ಮುಟ್ಟುವವರೆಗೂ ಸದ್ದು ಮಾಡುವುದಿಲ್ಲ.