ಯೊಕೊಹಾಮಾ ಬಂದರು ಮತ್ತು ಮೈಸೂರು ರೇಷ್ಮೆ

1893ರ ಜುಲೈ 14ರಂದು ಜಪಾನಿನ ಯೊಕೊಹಾಮಾದಿಂದ ವ್ಯಾಂಕೂವರಿಗೆ ಹೊರಟ ‘ಎಂಪ್ರೆಸ್ ಆಫ್ ಇಂಡಿಯಾ’ ಹಡಗಿನಲ್ಲಿ ಸ್ವಾಮಿ ವಿವೇಕಾನಂದರೂ ಜಮ್‌ಷೆಟ್‌ಜಿ ಟಾಟಾ ಅವರೂ ಸಹಪ್ರಯಾಣಿಕರಾಗಿದ್ದರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಚರಿತ್ರೆಯನ್ನು ಬರೆಯುವವರು ಈ ಭೇಟಿಯನ್ನು ತಪ್ಪದೆ ಸ್ಮರಿಸುತ್ತಾರೆ. ಹಡಗು ಹೊರಟ ಬಂದರನ್ನು ಮಾತ್ರ ಹೆಸರಿಗಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಮೈಸೂರು ಸೀಮೆಯ ರೇಷ್ಮೆ ಬೆಳೆಗಾರನ ಮಟ್ಟಿಗೆ ಆ ಬಂದರೇ ಹೆಚ್ಚು ಮಹತ್ತ್ವದ್ದು.

1859ರಲ್ಲಿ ವಿದೇಶೀ ವ್ಯಾಪಾರಕ್ಕೆ ತೆರೆದುಕೊಳ್ಳುವವರೆಗೆ ಯೊಕೊಹಾಮಾ ಬೆಸ್ತರ ಹಳ್ಳಿಯಾಗಿತ್ತು. ಕಚ್ಚಾ ರೇಷ್ಮೆಯ ರಫ್ತು ಅದನ್ನು ಮಹಾನಗರವನ್ನಾಗಿಸಿತು. 1872ರಲ್ಲಿ ಟೊಮಿಯೊಕಾದಲ್ಲಿ ಸರ್ಕಾರಿ ಫಿಲೇಚರ್ ಆರಂಭವಾಯಿತು. ಇವೆಲ್ಲಕ್ಕಿಂತ ದೂರಗಾಮಿಯಾದದ್ದು 1896ರಲ್ಲಿ ಬಂದರಿನಲ್ಲಿ ಸ್ಥಾಪಿತವಾದ ರೇಷ್ಮೆ ಪರೀಕ್ಷಾಲಯ. ರೇಷ್ಮೆ ಗಾಳಿಯ ತೇವವನ್ನು ಹೀರಿ ತೂಕ ಹೆಚ್ಚಿಸಿಕೊಳ್ಳುವ ವಸ್ತು. ತೇವದ ನೂಲನ್ನು ಮಾರಿದವನಿಗೆ ಲಾಭ, ಕೊಂಡವನಿಗೆ ನಷ್ಟ. ನೂಲನ್ನು ಪೂರ್ಣವಾಗಿ ಒಣಗಿಸಿ, ಆ ತೂಕಕ್ಕೆ ಶೇ. 11ರಷ್ಟನ್ನು ಸೇರಿಸಿ ವ್ಯವಹಾರದ ತೂಕವನ್ನು ನಿಗದಿಗೊಳಿಸುವ ಪದ್ಧತಿ ಈ ವಿವಾದವನ್ನು ನಿವಾರಿಸಿತು. ನೂಲಿನ ದಪ್ಪ, ಏಕರೂಪತೆ, ಬಲಗಳೂ ಪರೀಕ್ಷೆಗೆ ಒಳಪಟ್ಟವು. ಅಮೆರಿಕದ ಯಂತ್ರಮಗ್ಗಗಳಿಗೆ ಬೇಕಾದದ್ದು ಈ ಭರವಸೆಯೇ.

ಮೈಸೂರು ಜಪಾನಿನಿಂದ ಕಲಿಯಲಿಲ್ಲವೆಂದಲ್ಲ. ಟಾಟಾ ಅವರು ಜಪಾನೀ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ತೆರೆದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಸ್ಥಳನಾಮವಾಗಿ ಅದು ಉಳಿದಿದೆ. 1898ರಲ್ಲಿ ಜಪಾನನ್ನು ಕಂಡ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912–18) ಈ ಉದ್ಯಮಕ್ಕೆ ಸರ್ಕಾರದ ಬೆಂಬಲ ದೊರೆಯಿತು. ಆದರೆ ಕಲಿತದ್ದು ಹುಳು, ಮೊಟ್ಟೆ, ಯಂತ್ರಗಳ ವಿದ್ಯೆ, ಬಂದರಿನ ಶಿಸ್ತನ್ನಲ್ಲ. ಚರಕದಲ್ಲಿ ಬಿಚ್ಚಿದ ನೂಲು ಏಕರೂಪತೆಯಿಲ್ಲದೆ ಪೇಟೆಗೆ ಬರುತ್ತಲೇ ಇತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಗ್ಗದ ಜಪಾನೀ ರೇಷ್ಮೆ ಭಾರತಕ್ಕೆ ಹರಿದುಬಂದಾಗ ಮೈಸೂರು ಬೆಳೆಗಾರ ತತ್ತರಿಸಿದನು. 1934ರಲ್ಲಿ ರಕ್ಷಣಾ ಸುಂಕವನ್ನು ವಿಧಿಸಬೇಕಾಯಿತು. ಗುರುವೇ ಪ್ರತಿಸ್ಪರ್ಧಿಯಾದ ಈ ಘಟ್ಟವನ್ನು ನಮ್ಮ ಕೈಗಾರಿಕಾ ಚರಿತ್ರೆಗಳು ಬೇಗನೆ ದಾಟಿಬಿಡುತ್ತವೆ.

ಬಿತ್ತನೆ, ಗೂಡು, ನೂಲುಗಳ ಮಾರಾಟವನ್ನು ನಿಯಂತ್ರಿಸುವ ಶಾಸನ ಮೈಸೂರು ರಾಜ್ಯದಲ್ಲಿ ಬಂದದ್ದು 1959ರಲ್ಲಿ, ಅಂದರೆ ಯೊಕೊಹಾಮಾದ ಪರೀಕ್ಷಾಲಯಕ್ಕಿಂತ 63 ವರ್ಷ ತಡವಾಗಿ. 1991ರಲ್ಲಿ ಜಪಾನಿನ ಸಹಕಾರದೊಡನೆ ದ್ವಿತಳಿ ರೇಷ್ಮೆಯ ಯೋಜನೆ ಮೈಸೂರಿನಲ್ಲಿ ಆರಂಭವಾಯಿತು. ಮದ್ದೂರು, ಮಳವಳ್ಳಿಗಳ ಹಿಪ್ಪುನೇರಳೆ ತೋಟಗಳ ಗೂಡು, 1938ರ ಧ್ವಜ ಸತ್ಯಾಗ್ರಹದ ಶಿವಪುರವನ್ನು ಬಳಸಿ ರಾಮನಗರದ ಮಾರುಕಟ್ಟೆಯನ್ನು ಸೇರುತ್ತದೆ; ಅಲ್ಲಿ ಅದು ಹರಾಜಿನಲ್ಲಿ ತೂಗಲ್ಪಡುತ್ತದೆ.